ನಿವೃತ್ತಿಯ ನಂತರ ಚಿಯಾಂಗ್ ಮಾಯ್‌ನಲ್ಲಿ: ವರ್ಷಗಟ್ಟಲೆ ಇರಲು ಬಾಡಿಗೆ ಮನೆ ಹುಡುಕುವುದು ಹೇಗೆ?

ಡಿಸೆಂಬರಿನಲ್ಲಿ ಚಿಯಾಂಗ್ ಮಾಯ್ ನೋಡಿ ಬಂದವರಿಗೆ ಅಲ್ಲೇ ಇದ್ದುಬಿಡೋಣ ಅನ್ನಿಸುವುದು ಸಹಜ. ಬೆಳಿಗ್ಗೆ ಸ್ವೆಟರ್ ಹಾಕುವಷ್ಟು ಚಳಿ, ಮಧ್ಯಾಹ್ನ ಹಿತವಾದ ಬಿಸಿಲು, ಪಶ್ಚಿಮಕ್ಕೆ ದೊಯ್ ಸುಥೆಪ್ ಬೆಟ್ಟ. ಒಳ್ಳೆಯ ಆಸ್ಪತ್ರೆಗಳಿವೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ, ಅಲ್ಲಿಂದ ಇನ್ನೊಂದು ಗಂಟೆ ಚಿಲ್ಲರೆ. ಐವತ್ತು ದಾಟಿದ ವಿದೇಶಿಯರು ನಿವೃತ್ತಿಯ ಆಧಾರದ ಮೇಲೆಯೇ ವರ್ಷ ವರ್ಷ ನವೀಕರಿಸಿಕೊಂಡು ಇರಲು ಥಾಯ್ಲೆಂಡ್ ಬಿಡುತ್ತದೆ.

ಆದರೆ ರಜೆಗೆ ರೂಮು ಹಿಡಿಯುವ ಲೆಕ್ಕ ಬೇರೆ, ಅರವತ್ತರ ಮೇಲೆ ನಾಲ್ಕೈದು ವರ್ಷ ಇರಲು ಮನೆ ಹಿಡಿಯುವ ಲೆಕ್ಕವೇ ಬೇರೆ. ನನ್ನ ಪ್ರಕಾರ ಕೇಳಬೇಕಾದ ಮುಖ್ಯ ಪ್ರಶ್ನೆ ಎರಡು. ಊರಿನ ಕೆಟ್ಟ ತಿಂಗಳಲ್ಲೂ ಆ ಮನೆಯಲ್ಲಿ ಇರಲು ಆಗುತ್ತಾ? ಮಾಲೀಕರು ಕೇಳಿದ ಕಾಗದಪತ್ರ ಕೊಡ್ತಾರಾ? ಈಜುಕೊಳ, ಬಾಲ್ಕನಿ, ಜಿಮ್ ಎಲ್ಲ ಆಮೇಲೆ.

ಕೊಳ್ಳೋದಾ, ಬಾಡಿಗೆಗಾ?

ಬಾಡಿಗೆಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ಕಾಂಡೋ, ಅಂದರೆ ಬಹುಮಹಡಿ ಕಟ್ಟಡದೊಳಗಿನ ಒಂದು ಮನೆ, ಕೊಳ್ಳಬಹುದು, ಅದೂ ಒಂದು ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು ಶೇ. 49 ದಾಟದಂತೆ. ಊರು ಒಗ್ಗುತ್ತದೋ ಇಲ್ಲವೋ ಗೊತ್ತಾಗಲು ಒಂದು ಪೂರ್ತಿ ವರ್ಷ ಬೇಕು. ಅಲ್ಲಿಯವರೆಗೂ ಬಾಡಿಗೆಯೇ ಸರಿ.

ಹಂತ 1: ಹೊರಡುವ ಮುಂಚೆ ದುಡ್ಡು, ವೀಸಾ

ಮನೆ ಹುಡುಕುವ ಲೇಖನದಲ್ಲಿ ವೀಸಾ ಯಾಕೆ ಅಂದರೆ, ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ನಿವೃತ್ತಿಯ ಮೇಲೆ ಒಂದು ವರ್ಷದ ವಾಸ ಸಿಗಬೇಕಾದರೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಎರಡನ್ನೂ ಸೇರಿಸಿ ವರ್ಷಕ್ಕೆ 8 ಲಕ್ಷ ತೋರಿಸುವ ದಾರಿಯೂ ಇದೆ. 8 ಲಕ್ಷ ಬಾತ್ ಅಂದರೆ 20 ಲಕ್ಷ ರೂಪಾಯಿಗೂ ಮೇಲೆ. ಈ ದುಡ್ಡು ಅರ್ಜಿಗೆ ಎರಡು ತಿಂಗಳು ಮುಂಚಿನಿಂದ, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳವರೆಗೆ ಅಲ್ಲೇ ಇರಬೇಕು. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಮನೆಯ ಮುಂಗಡ, ಬಾಡಿಗೆ, ಪಾತ್ರೆ ಪಗಡಕ್ಕೆ ಇದನ್ನು ಮುಟ್ಟುವ ಲೆಕ್ಕ ಹಾಕಬೇಡಿ. ಅದಕ್ಕೆ ಬೇರೆ ದುಡ್ಡು ಇಟ್ಟುಕೊಳ್ಳಿ.

ಭಾರತದಲ್ಲಿ ವಾಸವಿರುವವರು ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷಕ್ಕೆ ತಲಾ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಮೊತ್ತ ದೊಡ್ಡದಾದರೆ ಬ್ಯಾಂಕಿನವರು ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ, ರಿಟರ್ನ್ಸ್ ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ವಿದೇಶದಲ್ಲೇ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಇನ್ನೊಂದು ವಿಷಯ: ವರ್ಷದಲ್ಲಿ 180 ದಿನ ಅಲ್ಲಿದ್ದರೆ ನೀವು ಥಾಯ್ ತೆರಿಗೆ ಲೆಕ್ಕದಲ್ಲಿ ನಿವಾಸಿ. 2024ರಿಂದ ಹೊರಗಿನ ಆದಾಯವನ್ನು ಒಳಗೆ ತಂದರೆ ಅದೂ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಎರಡೂ ದೇಶಗಳ ನಡುವೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇದೆ. ಪಿಂಚಣಿಯಲ್ಲಿ ಬದುಕುವವರು ಹೊರಡುವ ಮುಂಚೆಯೇ ಒಬ್ಬ ಲೆಕ್ಕ ಪರಿಶೋಧಕರ ಹತ್ತಿರ ಕೂತು ಮಾತಾಡಿ.

ಹಂತ 2: ಭಾರತದಲ್ಲಿ ಕೂತು ವರ್ಷದ ಕರಾರು ಮಾಡಬೇಡಿ

ಫೋಟೋ ನೋಡಿ ಮುಂಗಡ ಕಳಿಸಬೇಡಿ. ಯಾರು ಎಷ್ಟೇ ಒಳ್ಳೆಯವರಾಗಿ ಕಂಡರೂ ಅಷ್ಟೇ. ಮೊದಲ ಒಂದೆರಡು ತಿಂಗಳಿಗೆ ಸರ್ವಿಸ್ಡ್ ಅಪಾರ್ಟ್‌ಮೆಂಟ್ ಹಿಡಿಯಿರಿ. ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೂ ಲಾಭವಿದೆ.

ಯಾಕೆ ಅಂದರೆ, ಬ್ಯಾಂಕ್ ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ವರ್ಷದ ವಾಸಕ್ಕೆ ಬ್ಯಾಂಕ್ ಖಾತೆ ಬೇಕು. ವರ್ಷದ ವಾಸ ಇನ್ನೂ ಕೈಯಲ್ಲಿಲ್ಲದೆ ವರ್ಷದ ಬಾಡಿಗೆಗೆ ಸಹಿ ಹಾಕಲು ನಿಮಗೂ ಧೈರ್ಯ ಇರುವುದಿಲ್ಲ. ಸರ್ವಿಸ್ಡ್ ಅಪಾರ್ಟ್‌ಮೆಂಟಿನ ಕಚೇರಿಯವರು ವಿದೇಶಿಯರ ವಾಸದ ವರದಿಯನ್ನು ವಲಸೆ ಇಲಾಖೆಗೆ ದಿನಾ ಕಳಿಸುತ್ತಲೇ ಇರುತ್ತಾರೆ. ಅವರಿಗೆ ಅದು ಮಾಮೂಲಿ ಕೆಲಸ. ವಿಳಾಸಕ್ಕೆ ಆ ವರದಿಯ ರಸೀದಿ ತೋರಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಹಂತ 3: ಹೋಗುವ ತಿಂಗಳು ಆರಿಸಿ

ನವೆಂಬರಿನಿಂದ ಫೆಬ್ರವರಿವರೆಗೆ ಪ್ರವಾಸಿಗರ ಕಾಲ. ಬಾಡಿಗೆ ಏರಿರುತ್ತದೆ, ಒಳ್ಳೆಯ ಮನೆ ಖಾಲಿ ಇರುವುದಿಲ್ಲ, ಊರೂ ತನ್ನ ಚಂದದ ಮುಖವನ್ನೇ ತೋರಿಸುತ್ತದೆ. ನೀವು ಮಾರ್ಚಿನಲ್ಲಿ ಹೋಗಿ.

ಚಿಯಾಂಗ್ ಮಾಯ್ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್, ಲಾವೋಸ್ ಕಡೆ ಕಾಡಿಗೆ ಬೆಂಕಿ ಬೀಳುತ್ತದೆ, ರೈತರು ಕೊಯ್ದ ಹೊಲದ ಕೂಳೆ ಸುಡುತ್ತಾರೆ. ಹೊಗೆ ಕಣಿವೆಯಲ್ಲೇ ಕೂತುಬಿಡುತ್ತದೆ. ಕೆಲವು ದಿನ ದೊಯ್ ಸುಥೆಪ್ ಇಡೀ ಬೆಟ್ಟವೇ ಕಾಣುವುದಿಲ್ಲ. ಜಗತ್ತಿನ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ಮಾರ್ಚಿನಲ್ಲಿ ಈ ಊರು ಮತ್ತೆ ಮತ್ತೆ ಮೇಲೆ ಬರುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವವರಿಗೆ ಇದು ಸಣ್ಣ ಮಾತಲ್ಲ. ಅಂಥವರು ಸಮುದ್ರದ ಪಕ್ಕದ ಹುವಾ ಹಿನ್‌ನಂಥ ಊರನ್ನೂ ನೋಡಿ. ಅಥವಾ ಹೊಗೆಯ ಆ ತಿಂಗಳುಗಳಲ್ಲಿ ಬೆಂಗಳೂರಿಗೋ ಮೈಸೂರಿಗೋ ಬಂದು ಮಕ್ಕಳ ಜೊತೆ ಇರುವಂತೆ ವರ್ಷವನ್ನು ಹೊಂದಿಸಿಕೊಳ್ಳಿ. ಅಲ್ಲಿ ನೆಲೆಸಿದ ಎಷ್ಟೋ ವಿದೇಶಿಯರು ಹೊಗೆ ಬಂತು ಅಂದರೆ ದಕ್ಷಿಣಕ್ಕೆ ಹೊರಟುಬಿಡುತ್ತಾರೆ.

ಮಾರ್ಚಿನಲ್ಲಿ ನೋಡಿದರೆ ಯಾವ ಮನೆಯ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುತ್ತವೆ, ಯಾವುದರಲ್ಲಿ ಹೊಗೆ ವಾಸನೆ ಒಳಗೇ ಬರುತ್ತದೆ ಅಂತ ಕಣ್ಣಾರೆ ಗೊತ್ತಾಗುತ್ತದೆ. ತೇಗದ ಹಳೆ ಮನೆಗಳು ನೋಡಲು ಬಹಳ ಚೆನ್ನ. ಆದರೆ ಹಲಗೆ ಹಲಗೆಯ ನಡುವೆ ಸಂದು. ಗಾಳಿ ಶುದ್ಧ ಮಾಡುವ ಯಂತ್ರ ಇಟ್ಟರೂ ಅಷ್ಟಕ್ಕಷ್ಟೇ. ಬಾಡಿಗೆ ಮಾತಾಡುವುದೂ ಆಗ ಸುಲಭ, ಖಾಲಿ ಮನೆಗಳು ಜಾಸ್ತಿ. ಏಪ್ರಿಲ್ 13ರಿಂದ 15ರ ಸೋಂಕ್ರಾನ್, ಅಂದರೆ ನೀರೆರಚುವ ಹಬ್ಬದ ವಾರ ಮಾತ್ರ ಬಿಟ್ಟುಬಿಡಿ. ಕಚೇರಿಗಳು ಮುಚ್ಚಿರುತ್ತವೆ, ಬೀದಿಗೆ ಕಾಲಿಟ್ಟರೆ ಒದ್ದೆ.

ಹಂತ 4: ಬಡಾವಣೆ

ನಿಮ್ಮನ್ ಅನ್ನುವ ಬಡಾವಣೆಯಲ್ಲಿ ಕಾಫಿ ಅಂಗಡಿ, ಮಾಲ್, ಹೊಸ ಕಾಂಡೋಗಳು. ಬಾಡಿಗೆ ದುಬಾರಿ, ಸುತ್ತಲೂ ಹುಡುಗರು ಹುಡುಗಿಯರು. ಅದಕ್ಕೆ ಹತ್ತಿರದಲ್ಲೇ ಇರುವ ಸಂತಿಥಾಮ್ ಸಾಧಾರಣ ಜನ ಇರುವ ಜಾಗ. ತರಕಾರಿ ಮಾರುಕಟ್ಟೆ ಹತ್ತಿರ, ಬಾಡಿಗೆಯೂ ಕಡಿಮೆ. ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಸಂತಿಥಾಮ್ ಮತ್ತು ಚಾಂಗ್ ಫುವಕ್ ಕಡೆ. ಅಲ್ಲಿಂದ ಚಿಯಾಂಗ್ ಮಾಯ್ ರಾಮ್ ಆಸ್ಪತ್ರೆಯೂ ವಿಶ್ವವಿದ್ಯಾಲಯದ ಮಹಾರಾಜ್ ಆಸ್ಪತ್ರೆಯೂ ದೂರವಿಲ್ಲ. ಕಂದಕದೊಳಗಿನ ಹಳೆ ಊರಿನಲ್ಲಿ ದೇವಸ್ಥಾನ, ಗಲ್ಲಿ ಎಲ್ಲ ಚಂದ. ಆದರೆ ಎತ್ತರದ ಕಟ್ಟಡಕ್ಕೆ ಅನುಮತಿ ಇಲ್ಲದ ಕಾರಣ ಲಿಫ್ಟ್ ಇರುವ ಮನೆ ಸಿಗುವುದು ಕಷ್ಟ. ಹಾಂಗ್ ದೋಂಗ್, ಮೇ ರಿಮ್, ಸಾನ್ ಸಾಯ್ ಕಡೆ ಗೇಟು ಹಾಕಿದ ಬಡಾವಣೆಗಳಿವೆ. ಅವಕ್ಕೆ ಮೂಬಾನ್ ಅನ್ನುತ್ತಾರೆ. ತೋಟ, ಎರಡು ಮೂರು ರೂಮು, ಎಲ್ಲ ಸಿಗುತ್ತದೆ. ಕಾರು ಓಡಿಸದವರಿಗೆ ಮಾತ್ರ ಅಲ್ಲಿ ಕೈಕಾಲು ಕಟ್ಟಿದ ಹಾಗೆ. ಊರೊಳಗೆ ಓಡಾಡುವ ಕೆಂಪು ಸಾಂಗ್‌ಟೆಯೋ ಗಾಡಿ ಅಷ್ಟು ದೂರ ಸುಲಭಕ್ಕೆ ಸಿಗುವುದಿಲ್ಲ.

ಚಾಂಗ್ ಖ್ಲಾನ್, ಅಂದರೆ ನೈಟ್ ಬಜಾರ್ ಕಡೆ, ಭಾರತೀಯ ಊಟದ ಹೋಟೆಲುಗಳು ಜಾಸ್ತಿ. ಹಾಗಂತ ಮುಗಿಬೀಳಬೇಡಿ. 2024ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಪಿಂಗ್ ನದಿ ಉಕ್ಕಿ ನೈಟ್ ಬಜಾರ್, ವಾಟ್ ಕೆಟ್, ನೋಂಗ್ ಹೊಯ್ ಸುತ್ತಮುತ್ತ ನೀರು ನುಗ್ಗಿತ್ತು. ನದಿಯ ಹತ್ತಿರ ಮನೆ ನೋಡುತ್ತಿದ್ದರೆ ಗೋಡೆಯ ಕೆಳಭಾಗ ನೋಡಿ. ಸೊಂಟದ ಮಟ್ಟದವರೆಗೆ ಮಾತ್ರ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ. ಪಕ್ಕದ ಅಂಗಡಿಯವರನ್ನೂ ಕೇಳಿ, ಅವರು ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೈ ಎತ್ತಿ ತೋರಿಸುತ್ತಾರೆ.

ಎತ್ತರದ ಕಟ್ಟಡಕ್ಕೂ ಒಂದು ಪ್ರಶ್ನೆ ಇದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ 7.7 ತೀವ್ರತೆಯ ಭೂಕಂಪ ಆದಾಗ ಚಿಯಾಂಗ್ ಮಾಯ್‌ನಲ್ಲೂ ಕಟ್ಟಡಗಳು ತೂಗಾಡಿದವು. ಆಮೇಲೆ ಎಂಜಿನಿಯರ್ ಪರೀಕ್ಷೆ ಆಗಿದೆಯಾ, ಬಿರುಕು ರಿಪೇರಿ ಮಾಡಿದ್ದಾರಾ ಅಂತ ಕಾಂಡೋ ಕಚೇರಿಯಲ್ಲಿ ಕೇಳಿ. ಸಂಕೋಚ ಪಡಬೇಡಿ, ಎಲ್ಲರೂ ಕೇಳುವುದೇ. ನಾನಾದರೆ ಎರಡನೇ ಮಹಡಿಯಿಂದ ಐದನೇ ಮಹಡಿಯೊಳಗೆ ಹುಡುಕುತ್ತೇನೆ. ಪ್ರವಾಹದ ನೀರೂ ಬರಲ್ಲ, ಲಿಫ್ಟ್ ಕೆಟ್ಟ ದಿನ ಇಳಿಯಲೂ ಆಗುತ್ತದೆ.

ಹಂತ 5: ಕಾಂಡೋ, ಅಪಾರ್ಟ್‌ಮೆಂಟ್ ಒಂದೇ ಅಲ್ಲ

ನಮ್ಮಲ್ಲಿ ಎಲ್ಲವೂ ಅಪಾರ್ಟ್‌ಮೆಂಟೇ. ಅಲ್ಲಿ ಹಾಗಲ್ಲ. ಕಾಂಡೋದಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಮಾಲೀಕರು. ಅಪಾರ್ಟ್‌ಮೆಂಟ್ ಅಂದರೆ ಇಡೀ ಕಟ್ಟಡ ಒಬ್ಬರದೇ, ಕೆಳಗೆ ಅವರ ಕಚೇರಿ. ವ್ಯತ್ಯಾಸ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ. ಕಾಂಡೋದಲ್ಲಿ ಪ್ರಾಂತೀಯ ವಿದ್ಯುತ್ ಪ್ರಾಧಿಕಾರದ ಬಿಲ್ ನೇರವಾಗಿ ನಿಮ್ಮ ಮನೆಯ ಮೀಟರಿಗೆ ಬರುತ್ತದೆ, ಯೂನಿಟ್‌ಗೆ ನಾಲ್ಕು ಬಾತ್ ಚಿಲ್ಲರೆ. ಅಪಾರ್ಟ್‌ಮೆಂಟಿನವರು ತಮ್ಮದೇ ಮೀಟರಿಟ್ಟು ಏಳೋ ಎಂಟೋ ಬಾತ್ ಹಾಕುವುದು ಮಾಮೂಲು. ಏಪ್ರಿಲ್ ಬಿಸಿಲಿಗೆ ಎಸಿ ಹಾಕಿ 300 ಯೂನಿಟ್ ಖರ್ಚಾಯಿತು ಅನ್ನಿ. ನಾಲ್ಕೂವರೆಯ ಲೆಕ್ಕದಲ್ಲಿ 1,350 ಬಾತ್, ಎಂಟರ ಲೆಕ್ಕದಲ್ಲಿ 2,400. ಬಾಡಿಗೆ ಸಾವಿರ ಕಡಿಮೆ ಅಂತ ಖುಷಿಪಟ್ಟದ್ದು ಅಲ್ಲೇ ಹೋಯಿತು. ಹಲವು ಮನೆ ಬಾಡಿಗೆಗೆ ಕೊಡುವವರು ಹೀಗೆ ಹೆಚ್ಚಿಗೆ ವಸೂಲಿ ಮಾಡಬಾರದು ಅಂತ 2018ರಿಂದ ನಿಯಮವಿದೆ. ಎಲ್ಲರೂ ಪಾಲಿಸುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ಹಿಂದಿನ ತಿಂಗಳ ಬಿಲ್ ತೋರಿಸಿ ಅನ್ನಿ. ನೀರಿನ ದರವನ್ನೂ ಹೀಗೇ ಕೇಳಿ.

ಬಾಡಿಗೆ ಸುಮಾರಾಗಿ ಹೀಗಿರುತ್ತದೆ: ಸಂತಿಥಾಮ್ ಕಡೆ ಒಂದು ರೂಮಿನದ್ದು 6ರಿಂದ 10 ಸಾವಿರ ಬಾತ್, ನಿಮ್ಮನ್‌ನಲ್ಲಿ ಒಂದು ಬೆಡ್‌ರೂಮ್ ಕಾಂಡೋ 12ರಿಂದ 20 ಸಾವಿರ, ಹೊರವಲಯದ ಎರಡು ಮೂರು ಬೆಡ್‌ರೂಮ್ ಮನೆ 15 ಸಾವಿರದಿಂದ ಮೇಲಕ್ಕೆ. ಹೆಚ್ಚಿನವು ಸೋಫಾ, ಮಂಚ, ಫ್ರಿಜ್ ಸಮೇತ.

ಹಂತ 6: ಹುಡುಕಾಟ

ಫೇಸ್‌ಬುಕ್ ಗುಂಪು, ಡಿಡಿಪ್ರಾಪರ್ಟಿ, ಹಿಪ್‌ಫ್ಲ್ಯಾಟ್‌ನಂಥ ಮನೆ ಹುಡುಕುವ ಜಾಲತಾಣ ನೋಡಿ ದರದ ಅಂದಾಜು ತೆಗೆದುಕೊಳ್ಳಿ. ನಿಜವಾದ ಹುಡುಕಾಟ ಕಾಲ್ನಡಿಗೆಯಲ್ಲಿ. ಇಷ್ಟವಾದ ಕಟ್ಟಡದ ಕಚೇರಿಗೆ ಹೋಗಿ ಖಾಲಿ ಇದೆಯಾ ಅಂತ ಕೇಳಿದರೆ ಜಾಲತಾಣಕ್ಕೆ ಬರದ ಮನೆಗಳೂ ಸಿಗುತ್ತವೆ. ಕಾವಲುಗಾರರಿಗಂತೂ ಎಲ್ಲ ಗೊತ್ತು. ಏಜೆಂಟರ ಕಮಿಷನ್ ವರ್ಷದ ಕರಾರಿಗೆ ಸಾಮಾನ್ಯವಾಗಿ ಮಾಲೀಕರೇ ಕೊಡುತ್ತಾರೆ. ಮನೆ ತೋರಿಸಲಿಕ್ಕೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಮಾತುಕತೆ ಎಲ್ಲ ಲೈನ್ ಅನ್ನುವ ಮೆಸೇಜ್ ಆ್ಯಪ್‌ನಲ್ಲೇ ನಡೆಯುತ್ತದೆ, ಹೋದ ದಿನವೇ ಹಾಕಿಕೊಳ್ಳಿ.

ಚೌಕಾಶಿ ಮಾಡಬಹುದು, ಆದರೆ ದನಿ ಏರಿಸಬಾರದು. ಹೆಸರಿನ ಮುಂದೆ ಗೌರವಕ್ಕೆ ‘ಖುನ್’ ಸೇರಿಸಿ ಕರೆಯಿರಿ, ನಗುಮುಖ ಇರಲಿ. ನಾವಿಬ್ಬರೇ, ನಿವೃತ್ತರು, ಗಲಾಟೆ ಇಲ್ಲ, ಒಂದು ವರ್ಷ ಖಂಡಿತ ಇರುತ್ತೇವೆ ಅಂದರೆ ಅದೇ ಅರ್ಧ ಚೌಕಾಶಿ.

ಹಂತ 7: ಮನೆ ನೋಡುವಾಗ

ಅಡುಗೆಮನೆಯಿಂದ ಶುರು ಮಾಡಿ. ಅಲ್ಲಿನ ಜನ ಹೊರಗೆ ತಿನ್ನುವುದು ಜಾಸ್ತಿ, ಹಾಗಾಗಿ ಎಷ್ಟೋ ಕಾಂಡೋಗಳಲ್ಲಿ ಅಡುಗೆಮನೆ ಅಂದರೆ ಒಂದು ಸಿಂಕು, ಒಂದು ಮೈಕ್ರೋವೇವ್, ಅಷ್ಟೇ. ಗ್ಯಾಸ್ ಸಿಲಿಂಡರಿಗೆ ಬಹುತೇಕ ಕಾಂಡೋಗಳಲ್ಲಿ ಅನುಮತಿ ಇಲ್ಲ. ಇಂಡಕ್ಷನ್ ಒಲೆಗೆ ಆಗುವ ತಳದ ಕುಕ್ಕರನ್ನು ಊರಿನಿಂದಲೇ ಒಯ್ಯಿರಿ. ಸಾಸಿವೆ, ಇಂಗಿನ ಒಗ್ಗರಣೆಯ ಘಾಟು ಒಂದೇ ರೂಮಿನ ಮನೆಯಲ್ಲಿ ಹಾಸಿಗೆವರೆಗೂ ಹೋಗುತ್ತದೆ, ಹೊಗೆ ಹೊರಗೆಳೆಯುವ ಫ್ಯಾನ್ ಇದೆಯಾ ನೋಡಿ. ಮೂಬಾನ್ ಮನೆಗಳಲ್ಲಿ ಹಿತ್ತಲಿಗೆ ಅಂಟಿಕೊಂಡಂತೆ ಥಾಯ್ ಅಡುಗೆಮನೆ ಅಂತ ಒಂದಿರುತ್ತದೆ. ಅವರ ಮೆಣಸಿನಕಾಯಿ ಹುರಿಯುವ ಘಾಟಿಗೆ ಮಾಡಿಕೊಂಡದ್ದು, ನಮ್ಮ ಒಗ್ಗರಣೆಗೂ ಹೇಳಿ ಮಾಡಿಸಿದ್ದು. ಅಲ್ಲಿ ಗ್ಯಾಸ್ ಇಟ್ಟುಕೊಳ್ಳಬಹುದು.

ತೆಂಗಿನಕಾಯಿ, ಹುಣಸೆ, ಬಾಳೆ, ನುಗ್ಗೆ, ಹಲಸು ಯಾವುದಕ್ಕೂ ಬರವಿಲ್ಲ. ಬೇಳೆ, ಹಿಟ್ಟಿಗೆ ಭಾರತೀಯ ಸಾಮಾನಿನ ಅಂಗಡಿ ಎಷ್ಟು ದೂರ ಅಂತ ಮೊದಲೇ ನೋಡಿಕೊಳ್ಳಿ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಕ್ಷರದ ‘ಜೇ’ ಗುರುತು ಇರುವ ಹೋಟೆಲ್ ಮನೆ ಹತ್ತಿರ ಇದೆಯಾ ನೋಡಿ. ಬೇರೆ ಕಡೆ ‘ಬರೀ ತರಕಾರಿ’ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಜೇ ಊಟದಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ಇರಲ್ಲ, ಕೆಲವರಿಗೆ ಅದೇ ದೊಡ್ಡ ಸಮಾಧಾನ.

ಬಚ್ಚಲು ಆಮೇಲೆ. ನಲ್ಲಿ ತಿರುಗಿಸಿದ ಕೂಡಲೇ ನೀರು ಕಾಯಿಸುವ ಹೀಟರ್ ಗೋಡೆಯ ಮೇಲಿರುತ್ತದೆ. ಅದಕ್ಕೆ ಅರ್ಥಿಂಗ್ ಇದೆಯಾ, ಸೋರುವ ಕರೆಂಟಿಗೆ ತಾನೇ ಆಫ್ ಆಗುವ ಸ್ವಿಚ್ ಇದೆಯಾ ಅಂತ ಕೇಳಿ. ಹಳೆ ಕಟ್ಟಡಗಳಲ್ಲಿ ಇಲ್ಲದಿರುವುದೂ ಉಂಟು. ಹಾಗಿದ್ದರೆ ಹಾಕಿಸಿಕೊಡುವವರೆಗೂ ಸಹಿ ಬೇಡ. ನೆಲಕ್ಕೆ ಸ್ವಲ್ಪ ನೀರು ಹಾಕಿ ಬರಿಗಾಲಲ್ಲಿ ನಿಂತು ನೋಡಿ, ಜಾರುತ್ತಾ? ಕೈ ಹಿಡಿದುಕೊಳ್ಳುವ ಕಂಬಿ ಹಾಕಿಸಲು ಒಪ್ಪುತ್ತಾರಾ?

ಮನೆ ಇಷ್ಟವಾದರೆ ರಾತ್ರಿ ಹತ್ತರ ಮೇಲೆ ಮತ್ತೊಮ್ಮೆ ಹೋಗಿ. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ, ಕೆಲವು ಬೀದಿಗಳಲ್ಲಿ ತಲೆ ಮೇಲೇ ವಿಮಾನ ಹೋದಂತಾಗುತ್ತದೆ.

ಹಂತ 8: ಮಾಲೀಕರ ಕಾಗದ

ಇಲ್ಲಿ ಅವಸರ ಬೇಡ. 1979ರ ವಲಸೆ ಕಾಯ್ದೆಯ 38ನೇ ಕಲಮಿನ ಪ್ರಕಾರ, ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಇಲಾಖೆಗೆ ತಿಳಿಸಬೇಕು. ಎಲ್ಲರ ಬಾಯಲ್ಲೂ ಇದು ಟಿಎಂ 30. ಕಾನೂನು ಇದನ್ನು ಮಾಲೀಕರ ಹೊಣೆ ಅನ್ನುತ್ತದೆ, ರಸೀದಿ ಇಲ್ಲದಿದ್ದರೆ ಕೌಂಟರಿನಿಂದ ವಾಪಸ್ ಬರಬೇಕಾದವರು ಮಾತ್ರ ನೀವು. ವರ್ಷದ ವಾಸಕ್ಕೆ ಅರ್ಜಿ ಹಾಕುವಾಗ ಆ ರಸೀದಿ, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿಯ ನಕಲು, ಮನೆಯ ನೋಂದಣಿ ಪುಸ್ತಕ ‘ತಬಿಯನ್ ಬಾನ್’ ನಕಲು ಕೇಳುತ್ತಾರೆ. ನಕಲುಗಳ ಮೇಲೆ ಮಾಲೀಕರ ಸಹಿ ಇರಬೇಕು.

ಕೆಲವು ಮಾಲೀಕರು ಬಾಡಿಗೆ ಆದಾಯ ತೆರಿಗೆಗೆ ಸಿಗುತ್ತದೆ ಅಂತ ಇದಕ್ಕೆಲ್ಲ ಹಿಂಜರಿಯುತ್ತಾರೆ. ಕೆಲವರು ಬ್ಯಾಂಕಾಕಿನಲ್ಲೋ ಹೊರದೇಶದಲ್ಲೋ ಇದ್ದು ಕೈಗೇ ಸಿಗುವುದಿಲ್ಲ. ಅದಕ್ಕೇ ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ‘ಟಿಎಂ 30 ಮಾಡಿಕೊಡ್ತೀರಾ? ತಬಿಯನ್ ಬಾನ್ ನಕಲು ಕೊಡ್ತೀರಾ?’ ಅಂತ ಕೇಳಿ. ‘ಆಮೇಲೆ ನೋಡೋಣ’ ಅಂದರೆ ನಮಸ್ಕಾರ ಹೇಳಿ ಬನ್ನಿ, ಮನೆ ಎಷ್ಟೇ ಚೆನ್ನಾಗಿರಲಿ. ಗಂಡ ಹೆಂಡತಿ ಇಬ್ಬರದೂ ವರದಿ ಆಗಬೇಕು, ಒಬ್ಬರದು ಮಾಡಿ ಇನ್ನೊಬ್ಬರದು ಮರೆಯುವುದುಂಟು. ವರ್ಷದ ವಾಸ ಸಿಕ್ಕ ಮೇಲೂ 90 ದಿನಕ್ಕೊಮ್ಮೆ ವಿಳಾಸ ತಿಳಿಸುವುದು ನಿಮ್ಮದೇ ಕೆಲಸ.

ಹಂತ 9: ಕರಾರು

ರೂಢಿಯಲ್ಲಿ ಎರಡು ತಿಂಗಳ ಬಾಡಿಗೆ ಮುಂಗಡ, ಒಂದು ತಿಂಗಳದ್ದು ಮೊದಲೇ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಏನೂ ಅನ್ನಿಸುವುದಿಲ್ಲ. ಕರಾರು ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ಗೊಂದಲ ಬಂದರೆ ಸಾಮಾನ್ಯವಾಗಿ ಥಾಯ್ ಪ್ರತಿಯೇ ಲೆಕ್ಕಕ್ಕೆ, ಹಾಗಾಗಿ ಥಾಯ್ ಬಲ್ಲ, ಏಜೆಂಟ್ ಅಲ್ಲದ ಯಾರಿಂದಲಾದರೂ ಓದಿಸಿ. ಮೂರು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ಭೂ ಕಚೇರಿಯಲ್ಲಿ ನೋಂದಾಯಿಸಬೇಕು, ಇಲ್ಲವಾದರೆ ಮೂರು ವರ್ಷಕ್ಕಷ್ಟೇ ನಿಲ್ಲುತ್ತದೆ. ಒಂದು ವರ್ಷದ ಕರಾರು, ಅದೇ ಬಾಡಿಗೆಗೆ ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ನಿಮಗೆ: ಇಷ್ಟು ಸಾಕು.

ವಯಸ್ಸಾದವರು ತಪ್ಪದೇ ಸೇರಿಸಬೇಕಾದ ಎರಡು ಮಾತಿವೆ. ಒಂದು, ಕರಾರಿನಲ್ಲಿ ಇಬ್ಬರ ಹೆಸರೂ ಇರಬೇಕು. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಆ ಮನೆಯಲ್ಲಿ ಉಳಿಯಲು, ಮುಂಗಡ ವಾಪಸ್ ಪಡೆಯಲು ಕಷ್ಟವಾಗಬಾರದು. ಇನ್ನೊಂದು, ಕಾಯಿಲೆ ಅಥವಾ ಸಾವಿನ ಕಾರಣಕ್ಕೆ ಮಧ್ಯದಲ್ಲೇ ಬಿಟ್ಟರೆ 30 ದಿನದ ನೋಟಿಸ್ ಸಾಕು, ಮುಂಗಡ ಮುಟ್ಟುಗೋಲು ಆಗುವುದಿಲ್ಲ ಅಂತ ಬರೆಸಬೇಕು. ಬರೆಸದಿದ್ದರೆ ವರ್ಷ ಮುಗಿಯುವ ಮುಂಚೆ ಬಿಟ್ಟವರ ಮುಂಗಡ ಹೋಯಿತು ಅಂತಲೇ. ಇಂಥದ್ದನ್ನು ಮಾತಾಡುವುದು ಅಪಶಕುನ ಅಂತ ನಮ್ಮವರು ಸುಮ್ಮನಾಗಿಬಿಡುತ್ತಾರೆ, ಅಲ್ವಾ? ಮಾತಾಡಿ. ಎಸಿ ಕೆಟ್ಟರೆ ರಿಪೇರಿ ಯಾರದು, ಕಾಂಡೋ ನಿರ್ವಹಣೆ ಶುಲ್ಕ ಯಾರದು ಅನ್ನುವುದೂ ಬರಹದಲ್ಲಿರಲಿ. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕಳಿಸಿ.

ಬೀಗದ ಕೈ ತೆಗೆದುಕೊಂಡ ದಿನ ಮನೆಯ ಮೂಲೆ ಮೂಲೆ ವಿಡಿಯೋ ಮಾಡಿ, ಮೀಟರ್ ಫೋಟೋ ತೆಗೆದು, ಎರಡನ್ನೂ ಅವತ್ತೇ ಮಾಲೀಕರಿಗೆ ಲೈನ್‌ನಲ್ಲಿ ಕಳಿಸಿಬಿಡಿ. ಸೋಫಾದ ಹಳೆ ಕಲೆ ನಿಮ್ಮ ತಲೆಗೆ ಬರದಿರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಮನೆ ಬಿಡುವಾಗ

ನೋಟಿಸನ್ನು ಕಾಗದದಲ್ಲೂ ಲೈನ್‌ನಲ್ಲೂ ಕೊಡಿ. ಮನೆ ಒಪ್ಪಿಸುವ ದಿನ ಮತ್ತು ವಿಮಾನದ ನಡುವೆ ಒಂದು ವಾರವಾದರೂ ಇರಲಿ, ಆ ವಾರ ಬೇರೆ ಕಡೆ ಉಳಿಯಬೇಕಾದರೂ ಸರಿ. ಹಳೆ ವಿಡಿಯೋ ಇಟ್ಟುಕೊಂಡು ಮಾಲೀಕರ ಜೊತೆಗೇ ಮನೆ ಸುತ್ತಿ, ಕೊನೆಯ ಮೀಟರ್ ಓದು ಬರೆದುಕೊಳ್ಳಿ, ಮುಂಗಡದಲ್ಲಿ ಏನು ಕಳೆಯುತ್ತಾರೆ ಅಂತ ಅಲ್ಲೇ ಬರೆಸಿಕೊಳ್ಳಿ. ಕಾರಣವಿಲ್ಲದೆ ಸತಾಯಿಸಿದರೆ ಗ್ರಾಹಕ ರಕ್ಷಣಾ ಮಂಡಳಿಗೆ 1166ಕ್ಕೆ ಕರೆ ಮಾಡಿ ದೂರು ಕೊಡಬಹುದು. ಮುಂಗಡ ಬರುವುದು ನಿಮ್ಮ ಥಾಯ್ ಬ್ಯಾಂಕ್ ಖಾತೆಗೆ. ದುಡ್ಡು ಬಿದ್ದದ್ದು ಕಣ್ಣಾರೆ ನೋಡುವವರೆಗೂ ಆ ಖಾತೆ ಮುಚ್ಚಬೇಡಿ, ಅದಕ್ಕೆ ಜೋಡಿಸಿದ ಥಾಯ್ ಸಿಮ್ ಕೂಡ ಬಿಸಾಡಬೇಡಿ.